ಕ್ರಿಯಾಟಿನ್ ಮೈಗೆ ಹತ್ತಲು ನಾನು ಅನುಸರಿಸಿದ ಕ್ರಮ

ಪೌಡರ್ ಕುಡಿದರೂ ಮೈಗೆ ಹತ್ತುತ್ತಿಲ್ಲ ಎಂಬ ಮಾತು ಜಿಮ್‌ಗಳಲ್ಲಿ ಸಾಮಾನ್ಯ. ಸ್ನಾಯುಗಳಿಗೆ ತಕ್ಷಣದ ಶಕ್ತಿ ಒದಗಿಸಲು ನೆರವಾಗುವ ಕ್ರಿಯಾಟಿನ್ ಎಂಬ ವಸ್ತುವಿನ ಪುಡಿರೂಪವಾದ ಕ್ರಿಯಾಟಿನ್ ಮೊನೊಹೈಡ್ರೇಟ್ ವಿಷಯದಲ್ಲಿ ಕರುಳನ್ನು ದೂರಿ ಪ್ರಯೋಜನವಿಲ್ಲ. ಕುಡಿದದ್ದರಲ್ಲಿ ಬಹುಪಾಲನ್ನು ಅದು ಹೀರಿಕೊಂಡು ರಕ್ತಕ್ಕೆ ಸೇರಿಸುತ್ತದೆ. ರಕ್ತದಿಂದ ಸ್ನಾಯುವಿನೊಳಗೆ ಎಷ್ಟು ಸೇರಿತು, ಎಷ್ಟು ಮೂತ್ರದಲ್ಲಿ ಹೋಯಿತು ಎಂಬುದೇ ನಿಜವಾದ ಲೆಕ್ಕ. ಆಹಾರದ ಕ್ರಿಯಾಟಿನ್ ಮುಖ್ಯವಾಗಿ ಮಾಂಸ ಮತ್ತು ಮೀನಿನಿಂದ ಬರುವುದರಿಂದ, ನನ್ನಂತಹ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಅದರ ಸಂಗ್ರಹ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಹಾಗಾಗಿ ನಮಗೆ ಇದರಿಂದ ಹೆಚ್ಚು ಲಾಭವಾಗುವ ಸಾಧ್ಯತೆಯೂ ಇದೆ.

ನಾನು ಹೆಚ್ಚು ಗಮನ ಕೊಟ್ಟದ್ದು ಕರಗಿಸುವ ಕೆಲಸಕ್ಕೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಸುಮಾರು 14 ಗ್ರಾಂ ಕ್ರಿಯಾಟಿನ್ ಮಾತ್ರ ಕರಗುತ್ತದೆ. ಅಂದರೆ 200 ಮಿಲಿಲೀಟರ್ ಲೋಟಕ್ಕೆ ಮೂರು ಗ್ರಾಂ ಕೂಡ ಹಿಡಿಸುವುದಿಲ್ಲ. ಅದೇ ನೀರು 50 ಡಿಗ್ರಿಯಷ್ಟು ಬಿಸಿಯಿದ್ದರೆ ಎರಡು ಪಟ್ಟಿಗಿಂತ ಹೆಚ್ಚು ಕರಗುತ್ತದೆ. ಆದ್ದರಿಂದ ಸ್ಟೀಲ್ ಲೋಟದಲ್ಲಿ ಬಿಸಿನೀರು ತೆಗೆದುಕೊಂಡು, ಮೂರು ಗ್ರಾಂ ಪುಡಿ ಹಾಕಿ, ಚಮಚಕ್ಕೆ ತಾಗುವ ಸಣ್ಣ ಮರಳಿನಂತಹ ಕರಕರ ಸದ್ದು ನಿಲ್ಲುವವರೆಗೆ ಕಲಕುತ್ತೇನೆ. ಕುಡಿದ ಮೇಲೆ ತಳದಲ್ಲಿ ಬಿಳಿ ಕಾಳು ಕಂಡರೆ, ಇನ್ನೊಂದು ಗುಟುಕು ನೀರು ಹಾಕಿ ತೊಳೆದು ಅದನ್ನೂ ಕುಡಿಯುತ್ತೇನೆ. ಕರಗದ ಪುಡಿಯನ್ನು ಒಮ್ಮೆಗೇ ಹೆಚ್ಚಾಗಿ ನುಂಗಿದರೆ ಕೆಲವರಿಗೆ ಹೊಟ್ಟೆ ಕೆಟ್ಟು ಭೇದಿಯಾಗುತ್ತದೆ. ಬೆಳಿಗ್ಗೆ ಕಲಸಿ ಸಂಜೆ ಕುಡಿಯಲು ಬಾಟಲಿಯಲ್ಲಿ ಇಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ನೀರಿನಲ್ಲಿ ಉಳಿದ ಕ್ರಿಯಾಟಿನ್ ನಿಧಾನವಾಗಿ ಕ್ರಿಯಾಟಿನಿನ್ ಎಂಬ ನಿರುಪಯುಕ್ತ ವಸ್ತುವಾಗುತ್ತದೆ, ನಿಂಬೆರಸ ಬೆರೆತಿದ್ದರೆ ಆ ಬದಲಾವಣೆ ಇನ್ನೂ ಬೇಗ ನಡೆಯುತ್ತದೆ.

ಖಾಲಿ ಹೊಟ್ಟೆಯಲ್ಲಿ ನಾನು ಇದನ್ನು ಕುಡಿಯುವುದಿಲ್ಲ. ಊಟದಿಂದ ರಕ್ತದಲ್ಲಿ ಇನ್ಸುಲಿನ್ ಹಾರ್ಮೋನ್ ಏರಿದಾಗ ಸ್ನಾಯು ಹೆಚ್ಚು ಕ್ರಿಯಾಟಿನ್ ಸೆಳೆದುಕೊಳ್ಳುತ್ತದೆ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರತಿ ಐದು ಗ್ರಾಂ ಕ್ರಿಯಾಟಿನ್ ಜೊತೆ 90 ಗ್ರಾಂಗಿಂತ ಹೆಚ್ಚು ಸಕ್ಕರೆಯಂಶ ಕೊಟ್ಟಾಗ ಸ್ನಾಯುವಿನ ಸಂಗ್ರಹ ಸ್ಪಷ್ಟವಾಗಿ ಹೆಚ್ಚಿತ್ತು. ದಿನವೂ ಅಷ್ಟು ಸಕ್ಕರೆ ತಿನ್ನುವುದು ವಿವೇಕವಲ್ಲ. ವ್ಯಾಯಾಮದ ನಂತರ ಅನ್ನ, ಬೇಳೆ ಸಾರು, ಮೊಸರಿನ ಊಟದ ಜೊತೆಗೆ ಕುಡಿಯುವುದು ನನಗೆ ಸರಿಯೆನಿಸಿತು. ವಾರದ ಮಟ್ಟಿಗೆ ದಿನಕ್ಕೆ 20 ಗ್ರಾಂ ತೆಗೆದುಕೊಳ್ಳುವ 'ಲೋಡಿಂಗ್' ಕ್ರಮವನ್ನೂ ಕೈಬಿಟ್ಟೆ. ದಿನಕ್ಕೆ ಮೂರು ಗ್ರಾಂನಂತೆ ತಪ್ಪದೆ ತೆಗೆದುಕೊಂಡರೆ ಸುಮಾರು ನಾಲ್ಕು ವಾರಗಳಲ್ಲಿ ಸ್ನಾಯು ಅದೇ ಮಟ್ಟಕ್ಕೆ ತುಂಬುತ್ತದೆ, ಹೊಟ್ಟೆಗೂ ಹಿತ.

ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯ ವಿಷಯದಲ್ಲಿ ಮಾತ್ರ ಹೊಟ್ಟೆಯ ಮಾತನ್ನು ಕೇಳಲೇಬೇಕು. ಅದರ ಕಡಿಮೆ ಶುದ್ಧೀಕರಿಸಿದ ಬಗೆಯಾದ ಕಾನ್ಸಂಟ್ರೇಟ್ ಕುಡಿದಾಗ ನನಗೆ ಹೊಟ್ಟೆಯುಬ್ಬರ ಆಗುತ್ತಿತ್ತು. ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ ಬಹಳ ಕಡಿಮೆಯಿರುವ, ಹೆಚ್ಚು ಶುದ್ಧೀಕರಿಸಿದ ಐಸೊಲೇಟ್‌ಗೆ ಬದಲಾಯಿಸಿದ ಮೇಲೆ ಅದು ನಿಂತಿತು. ಹೆಚ್ಚು ಮೈಗೆ ಹತ್ತಲೆಂದು ಮಾರುವ ಜೀರ್ಣಕಿಣ್ವದ ಮಾತ್ರೆಗಳನ್ನಾಗಲಿ ಕಾಳುಮೆಣಸಿನ ಸತ್ವವನ್ನಾಗಲಿ ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಾವುದನ್ನೂ ಆರಂಭಿಸಬಾರದು. ಆರೋಗ್ಯವಂತರಲ್ಲಿಯೂ ಕ್ರಿಯಾಟಿನ್ ಸೇವನೆಯಿಂದ, ಮೂತ್ರಪಿಂಡದ ಆರೋಗ್ಯ ತಿಳಿಯಲು ವೈದ್ಯರು ನೋಡುವ ರಕ್ತದ ಕ್ರಿಯಾಟಿನಿನ್ ಪ್ರಮಾಣ ತುಸು ಏರಬಹುದು. ಆದ್ದರಿಂದ ರಕ್ತಪರೀಕ್ಷೆಗೆ ಹೋಗುವಾಗ ಇದನ್ನು ಬಳಸುತ್ತಿರುವುದಾಗಿ ನಾನು ವೈದ್ಯರಿಗೆ ಮೊದಲೇ ತಿಳಿಸುತ್ತೇನೆ.