ಸೈನ್ಸ್ ಡಿಪಾರ್ಟ್‌ಮೆಂಟಿನ ಚೇರ್ ಆದಿರಾ? ಮೊದಲು ಸ್ಟಾಕ್‌ರೂಮಿಗೆ ಹೋಗಿ

ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಆರಾಮಾಗಿದ್ದವರನ್ನು ಡೀನ್ ಒಂದು ದಿನ ಕರೆದು, ಮುಂದಿನ ವರ್ಷದಿಂದ ನೀವೇ ಚೇರ್, ಅಂದರೆ ಮುಖ್ಯಸ್ಥರು, ಡಿಪಾರ್ಟ್‌ಮೆಂಟ್ ನೋಡಿಕೊಳ್ಳಿ ಅನ್ನುತ್ತಾರೆ. ಹೂಂ ಅನ್ನುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಬೇರೆ ಯಾರೂ ಒಪ್ಪಿರುವುದಿಲ್ಲ, ಮತ್ತೆ ಒಂದೆರಡು ಕ್ಲಾಸು ಕಡಿಮೆ ಆಗುತ್ತದಲ್ಲ ಅನ್ನುವ ಆಸೆ. ನಾನು ಒಪ್ಪಿದ್ದು ಎರಡಕ್ಕೂ ಸೇರಿ. ಕಡಿಮೆಯಾದ ಕ್ಲಾಸಿನ ಹೊತ್ತೆಲ್ಲ ಮೂರನೇ ವಾರಕ್ಕೇ ಮಾಯವಾಯಿತು, ಅದು ಬೇರೆ ಮಾತು.

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಎರಡು ಮಾತು. ಇವು ಎರಡು ವರ್ಷದ ಕಾಲೇಜುಗಳು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಶುರುವಾದದ್ದನ್ನು ಮೊದಲನೆಯದು ಅನ್ನುತ್ತಾರೆ. ಇಲ್ಲಿ ರಿಸರ್ಚ್ ಇಲ್ಲ, ಪಿಎಚ್‌ಡಿ ವಿದ್ಯಾರ್ಥಿಗಳಿಲ್ಲ, ಲ್ಯಾಬ್ ನಡೆಸಿಕೊಡುವುದಕ್ಕೆ ಟೀಚಿಂಗ್ ಅಸಿಸ್ಟೆಂಟ್‌ಗಳೂ ಇಲ್ಲ. ಬಹಳ ಕಡೆ ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್, ಜಿಯಾಲಜಿ ಎಲ್ಲ ಸೇರಿ ಒಂದೇ ಡಿಪಾರ್ಟ್‌ಮೆಂಟ್. ಅಂದರೆ ನೀವು ಫಿಸಿಕ್ಸ್ ಮೇಷ್ಟ್ರಾಗಿದ್ದರೂ ಬಯಾಲಜಿ ಲ್ಯಾಬ್‌ನಲ್ಲಿ ಕೊಯ್ದು ನೋಡುವ ಸತ್ತ ಬೆಕ್ಕಿನ ಆರ್ಡರಿಗೆ ಸಹಿ ಹಾಕಬೇಕು.

ಹೊಸದಾಗಿ ಚೇರ್ ಆದವರು ಮೊದಲು ಮಾಡುವ ತಪ್ಪು ಮೀಟಿಂಗ್ ಕರೆಯುವುದು. ಬೇಡ. ಲ್ಯಾಬ್ ಟೆಕ್ನಿಷಿಯನ್ ಹತ್ತಿರ ಹೋಗಿ, ಅರ್ಧ ದಿನ ನನ್ನ ಜೊತೆ ರಾಸಾಯನಿಕ, ಸಾಮಾನು ಇಡುವ ಸ್ಟಾಕ್‌ರೂಮ್ ಸುತ್ತಿ ಅಂತ ಕೇಳಿ. ಡಿಪಾರ್ಟ್‌ಮೆಂಟ್ ನಡೆಯುತ್ತಿರುವುದು ಅವರಿಂದ. ನೀವು ಒಂದು ವಾರ ರಜೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅವರು ಒಂದು ದಿನ ಬರದಿದ್ದರೆ ಆರು ಲ್ಯಾಬ್ ನಿಲ್ಲುತ್ತವೆ.

ನನ್ನ ಮೊದಲ ವಾರದಲ್ಲಿ ಬಯಾಲಜಿ ಕಪಾಟಿನ ಹಿಂದಿನ ಸಾಲಿನಲ್ಲಿ ಒಂದು ಪುಟ್ಟ ಬಾಟಲಿ ಕಂಡಿತು. ಲೇಬಲ್ ಅರ್ಧ ಹೋಗಿತ್ತು, ಮುಚ್ಚಳದ ಸುತ್ತ ಹಳದಿ ಹರಳು ಕಟ್ಟಿತ್ತು. ನಾನು ಕೈ ಚಾಚಿದೆ. ಟೆಕ್ನಿಷಿಯನ್ ನನ್ನ ಮಣಿಕಟ್ಟು ಹಿಡಿದುಕೊಂಡು ಸುಮ್ನೆ ಬಾಗಿಲ ಕಡೆ ತೋರಿಸಿದರು. ಅದು ಪಿಕ್ರಿಕ್ ಆಸಿಡ್. ಹಿಂದೆ ಯಾರೋ ಅಂಗಾಂಶದ ಸ್ಲೈಡ್ ಮಾಡುವುದಕ್ಕೆ ಬೇಕಾದ ಬುವಾನ್ ದ್ರಾವಣ ಕಲೆಸಲು ತರಿಸಿದ್ದು. ನೀರಿನಲ್ಲಿ ನೆನೆದಿರುವವರೆಗೆ ಅದರ ಪಾಡಿಗೆ ಅದಿರುತ್ತದೆ, ಒಣಗಿದರೆ ಸ್ಫೋಟಕ, ಮುಚ್ಚಳ ತಿರುಗಿಸುವಾಗ ಆಗುವ ಉಜ್ಜಾಟವೇ ಸಾಕು. ಬಾಂಬ್ ಸ್ಕ್ವಾಡ್ ಬಂದು ಅದನ್ನು ತೆಗೆದುಕೊಂಡು ಹೋಗುವ ತನಕ ಇಡೀ ಬಿಲ್ಡಿಂಗ್ ಖಾಲಿ ಮಾಡಿಸಿದ್ದರು. ಹಾಗಾಗಿ ಆ ಸುತ್ತಾಟದಲ್ಲಿ ನಿಮ್ಮ ಕೈ ಜೇಬಿನಲ್ಲೇ ಇರಲಿ, ಕಣ್ಣು ಮಾತ್ರ ಕೆಲಸ ಮಾಡಲಿ.

ಏನು ನೋಡಬೇಕು? ಈಥರ್ ಬಾಟಲಿ ಇದ್ದರೆ ಅದರ ಮೇಲೆ ತೆರೆದ ದಿನಾಂಕ ಇದೆಯಾ ನೋಡಿ. ಗಾಳಿ ಸೋಕಿದ ಈಥರ್ ನಿಧಾನಕ್ಕೆ ಪೆರಾಕ್ಸೈಡ್ ಆಗುತ್ತದೆ, ಅದೂ ಸಿಡಿಯುವ ಸರಕೇ. ತೆರೆದು ಆರು ತಿಂಗಳಾದರೆ ತ್ಯಾಜ್ಯಕ್ಕೆ ಕಳಿಸಿಬಿಡಿ. ದಿನಾಂಕವೇ ಇಲ್ಲದ ಹಳೇ ಬಾಟಲಿಯಾದರೆ ಮುಟ್ಟಬೇಡಿ, ವೇಸ್ಟ್ ಕಂಪನಿಯವರೇ ಬಂದು ನೋಡಲಿ. ರಾಸಾಯನಿಕಗಳನ್ನು ಎ ಬಿ ಸಿ ಡಿ ಕ್ರಮದಲ್ಲಿ ಜೋಡಿಸಿದ್ದಾರಾ? ನೋಡಲು ಬಹಳ ಚೆನ್ನಾಗಿರುತ್ತದೆ. ಆದರೆ ಎ ಅಕ್ಷರದಲ್ಲೇ ಅಸಿಟಿಕ್ ಆಸಿಡ್, ಅಲ್ಯೂಮಿನಿಯಂ ಪುಡಿ, ಅಮೋನಿಯಂ ನೈಟ್ರೇಟ್ ಅಕ್ಕಪಕ್ಕ ಕೂತಿರುತ್ತವೆ, ಮೂರೂ ಒಂದಕ್ಕೊಂದು ಆಗದವು. ಗುಣ ನೋಡಿ ಬೇರೆ ಮಾಡಿ. ನೈಟ್ರಿಕ್ ಆಸಿಡ್‌ಗಂತೂ ಒಂಟಿ ಜಾಗವೇ ಬೇಕು. ಪಾದರಸದ ಥರ್ಮಾಮೀಟರ್ ಉಳಿದಿದ್ದರೆ ಈ ವರ್ಷವೇ ಬದಲಾಯಿಸಿ. ಆಮೇಲೆ ಕಣ್ಣು ತೊಳೆಯುವ ಐ ವಾಶ್ ನಲ್ಲಿಯನ್ನು ಒತ್ತಿ ನೋಡಿ. ಅಪಾಯದ ಜಾಗದಿಂದ 10 ಸೆಕೆಂಡಿನಲ್ಲಿ ಅಲ್ಲಿಗೆ ಮುಟ್ಟುವಂತಿರಬೇಕು, 15 ನಿಮಿಷ ನೀರು ಬರಬೇಕು, ವಾರಕ್ಕೊಮ್ಮೆ ಬಿಟ್ಟು ನೋಡಬೇಕು ಅಂತ ಮಾನದಂಡವಿದೆ. ನಮ್ಮಲ್ಲಿ ಮೊದಲ ಸಲ ಒತ್ತಿದಾಗ ಬಂದದ್ದು ತುಕ್ಕಿನ ಬಣ್ಣದ ನೀರು.

ಇದರ ಕಾಗದದ ಕೆಲಸವೂ ಇದೆ. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಶಾ 1990ರಲ್ಲಿ ತಂದ ಲ್ಯಾಬ್ ನಿಯಮದ ಪ್ರಕಾರ ಬರೆದಿಟ್ಟ ಕೆಮಿಕಲ್ ಹೈಜೀನ್ ಪ್ಲಾನ್, ಅಂದರೆ ರಾಸಾಯನಿಕಗಳ ಜೊತೆ ಸುರಕ್ಷಿತವಾಗಿ ಕೆಲಸ ಮಾಡುವ ಕ್ರಮ, ಇರಬೇಕು, ಅದಕ್ಕೊಬ್ಬ ಆಫೀಸರ್ ಇರಬೇಕು. ಸರ್ಕಾರಿ ಕಾಲೇಜಿಗೆ ಅದು ಎಷ್ಟು ಅನ್ವಯ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ವಾದಕ್ಕೆ ಇಳಿಯದೆ ಪಾಲಿಸಿಬಿಡಿ. ಆ ಪ್ಲಾನಿನಲ್ಲಿ ಆಫೀಸರ್ ಅಂತ ಯಾರ ಹೆಸರಿದೆ ಅಂತ ಒಮ್ಮೆ ನೋಡಿ. ನಮ್ಮದರಲ್ಲಿ ಇದ್ದವರು ರಿಟೈರ್ ಆಗಿ ನಾಲ್ಕು ವರ್ಷವಾಗಿತ್ತು. ತ್ಯಾಜ್ಯದ ವಿಷಯಕ್ಕೆ ಬಂದರೆ, ತಿಂಗಳಿಗೆ 100 ಕಿಲೋ ಒಳಗೆ ಅಪಾಯಕಾರಿ ತ್ಯಾಜ್ಯ ಬರುವ ಕಡೆ ಪರಿಸರ ಸಂಸ್ಥೆ ಇಪಿಎಯ ನಿಯಮ ಸ್ವಲ್ಪ ಸಡಿಲ. ಸಣ್ಣ ಕಾಲೇಜುಗಳು ಸಾಮಾನ್ಯವಾಗಿ ಇದರೊಳಗೇ ಇರುತ್ತವೆ. ಎಡವಟ್ಟಾಗುವುದು ಎಲ್ಲಿ ಅಂದರೆ, ಹತ್ತು ವರ್ಷದ ಹಳೇ ಬಾಟಲಿಗಳನ್ನು ಉತ್ಸಾಹದಲ್ಲಿ ಒಂದೇ ತಿಂಗಳಲ್ಲಿ ಹೊರಗೆ ಹಾಕಲು ಹೋದಾಗ. ಆ ಲೆಕ್ಕ ದಾಟಿದರೆ ಬೇರೆಯದೇ ನಿಯಮ ಬಂದು ಕೂರುತ್ತದೆ. ಮೊದಲೇ ಕೇಳಿಕೊಂಡು ಮಾಡಿ.

ಈಗ ಟೈಮ್‌ಟೇಬಲ್. ಚೇರ್‌ನ ನಿಜವಾದ ಅಧಿಕಾರ ಇರುವುದು ಇಲ್ಲೇ, ತಲೆನೋವು ಇರುವುದೂ ಇಲ್ಲೇ. ನಿಮ್ಮ ಸೀಟು ತುಂಬುವುದು ಸೈನ್ಸನ್ನೇ ಮುಖ್ಯ ವಿಷಯವಾಗಿ ಓದುವವರಿಂದ ಅಲ್ಲ, ನರ್ಸಿಂಗ್ ಸೇರಬೇಕು ಅಂತ ಬರುವವರಿಂದ. ಅವರಿಗೆ ಅನಾಟಮಿ ಅಂಡ್ ಫಿಸಿಯಾಲಜಿ ಎರಡು ಭಾಗ ಬೇಕು, ಮೈಕ್ರೋಬಯಾಲಜಿ ಬೇಕು, ಹಲವು ಕಡೆ ಅದಕ್ಕೂ ಮುಂಚೆ ಒಂದು ಕೆಮಿಸ್ಟ್ರಿ ಬೇಕು. ಒಂದು ಮುಗಿಯದೆ ಇನ್ನೊಂದಕ್ಕೆ ಸೇರಿಸುವುದಿಲ್ಲ. ಹಗಲು ಕೆಲಸ ಮಾಡಿ ಸಂಜೆ ಓದುವ ಒಬ್ಬಾಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನೀವು ಅನಾಟಮಿಯ ಎರಡನೇ ಭಾಗವನ್ನು ಸ್ಪ್ರಿಂಗ್ ಸೆಮಿಸ್ಟರಿನಲ್ಲಿ ಬೆಳಿಗ್ಗೆ ಮಾತ್ರ ಇಟ್ಟರೆ ಆಕೆಗೆ ಒಂದು ಸೆಮಿಸ್ಟರ್ ಅಲ್ಲ, ಒಂದು ವರ್ಷ ಹೋಗುತ್ತದೆ, ಯಾಕಂದರೆ ನರ್ಸಿಂಗ್‌ಗೆ ಅರ್ಜಿ ಹಾಕುವುದು ವರ್ಷಕ್ಕೊಂದೋ ಎರಡೋ ಸಲ. ಆದ್ದರಿಂದ ಒಬ್ಬ ಸಂಜೆ ವಿದ್ಯಾರ್ಥಿ ಬರೀ ಸಂಜೆ ಕ್ಲಾಸುಗಳಲ್ಲೇ ಶುರುವಿನಿಂದ ಕೊನೆಯವರೆಗೆ ಹೋಗಬಹುದಾ ಅಂತ ಒಂದು ಹಾಳೆಯಲ್ಲಿ ಗೆರೆ ಎಳೆದು ನೋಡಿ. ನಾನು ಎಳೆದಾಗ ಗೆರೆ ಮೂರನೇ ಸೆಮಿಸ್ಟರಿನಲ್ಲಿ ಗೋಡೆಗೆ ಬಡಿಯಿತು. ಅದುವರೆಗೂ ಯಾರೂ ನೋಡಿರಲೇ ಇಲ್ಲ.

ರೂಮುಗಳನ್ನು ಹಂಚುವಾಗ ಲ್ಯಾಬ್‌ಗಳ ಮಧ್ಯೆ ಅರ್ಧ ಗಂಟೆ ಬಿಡಿ. ಆಫೀಸಿನ ಸಾಫ್ಟ್‌ವೇರ್ ಹತ್ತು ನಿಮಿಷ ಸಾಕು ಅನ್ನುತ್ತದೆ. ಬ್ಯೂರೆಟ್ ತೊಳೆಯುವುದು ಸಾಫ್ಟ್‌ವೇರ್ ಅಲ್ಲವಲ್ಲ. ಒಂದು ಲ್ಯಾಬ್‌ಗೆ 24 ಜನಕ್ಕಿಂತ ಹೆಚ್ಚು ಹಾಕಬೇಡಿ. ಇನ್ನೂ ನಾಲ್ಕು ಜನ ಹಿಡಿಯುತ್ತಾರಲ್ಲ, ಕುರ್ಚಿ ಇದೆಯಲ್ಲ ಅಂತ ಮೇಲಿನಿಂದ ಕೇಳಿಯೇ ಕೇಳುತ್ತಾರೆ. ಅಮೆರಿಕನ್ ಕೆಮಿಕಲ್ ಸೊಸೈಟಿ ಲ್ಯಾಬ್‌ನಲ್ಲಿ ಒಬ್ಬ ಮೇಷ್ಟ್ರಿಗೆ 25ರ ಮೇಲೆ ಬೇಡ ಅನ್ನುತ್ತದೆ, ಅದನ್ನು ಮುಂದಿಡಿ. ಕುರ್ಚಿ ಎಷ್ಟಿದೆ ಅಂತ ಲೆಕ್ಕ ಹಾಕಬಾರದು, ಸಿಂಕ್ ಎಷ್ಟಿದೆ ಅಂತ ಲೆಕ್ಕ ಹಾಕಬೇಕು.

ಅಡ್ಜಂಕ್ಟ್‌ಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನಿಮ್ಮ ಕ್ಲಾಸುಗಳಲ್ಲಿ ದೊಡ್ಡ ಪಾಲು ನಡೆಸುವವರು ಈ ಪಾರ್ಟ್ ಟೈಮ್ ಮೇಷ್ಟ್ರುಗಳು. ಅವರಿಗೆ ಕ್ಲಾಸಿನ ಲೆಕ್ಕದಲ್ಲಿ ದುಡ್ಡು, ಆಫೀಸಿಲ್ಲ, ಕೆಲವರಂತೂ ಮೂರು ಕಾಲೇಜಿನ ನಡುವೆ ಕಾರಿನಲ್ಲೇ ಊಟ ಮುಗಿಸುತ್ತಾರೆ. ಅದರ ಮೇಲೆ ಬಹಳ ಕಡೆ ಲ್ಯಾಬ್‌ನ ಒಂದು ಗಂಟೆಯನ್ನು ಲೆಕ್ಚರ್‌ನ ಒಂದು ಗಂಟೆಗೆ ಸಮ ಅಂತ ಲೆಕ್ಕ ಹಾಕುವುದಿಲ್ಲ, ಕಡಿಮೆ ಹಿಡಿಯುತ್ತಾರೆ. ಲ್ಯಾಬ್ ನಡೆಸಿ ನೋಡಿದ ಯಾರಿಗಾದರೂ ಇದು ಎಷ್ಟು ಅನ್ಯಾಯ ಅಂತ ಗೊತ್ತು. ಇದನ್ನು ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ, ಯೂನಿಯನ್ ಮತ್ತು ಕಾಲೇಜಿನ ಒಪ್ಪಂದದಲ್ಲಿದೆ. ನಿಮ್ಮ ಕೈಯಲ್ಲಿರುವುದು ಇಷ್ಟು: ಮೊದಲ ದಿನಕ್ಕೆ ಮುಂಚೆ ಬೀಗದ ಕೈ, ಲ್ಯಾಬ್ ಮ್ಯಾನ್ಯುಯಲ್, ಕಾಪಿಯರ್ ಕೋಡ್ ಸಿಗುವ ಹಾಗೆ ನೋಡುವುದು. ಸೇಫ್ಟಿ ತರಬೇತಿ ಲ್ಯಾಬ್ ಶುರುವಾಗುವ ಮುಂಚೆಯೇ ಆಗಬೇಕು, ಆ ಹೊತ್ತಿಗೂ ದುಡ್ಡು ಕೊಡಿಸಿ. ಮಕ್ಕಳು ಸೇರದೆ ಕ್ಲಾಸು ರದ್ದಾಗುವ ಹಾಗಿದ್ದರೆ ಎರಡು ವಾರ ಮುಂಚೆಯೇ ಫೋನ್ ಮಾಡಿ ಹೇಳಿಬಿಡಿ. ಇಮೇಲ್ ಬೇಡ.

ಒಂದು ದಿನ ಬೆಳಿಗ್ಗೆ ಆರೂ ಹತ್ತಕ್ಕೆ ಫೋನು. ಎಂಟು ಗಂಟೆಯ ಕೆಮಿಸ್ಟ್ರಿ ಲ್ಯಾಬ್ ತೆಗೆದುಕೊಳ್ಳುವವರಿಗೆ ಜ್ವರ. ಅವತ್ತಿನ ಪ್ರಯೋಗ ಏನು ಅಂತಲೂ ನನಗೆ ಗೊತ್ತಿಲ್ಲ, ಅವರ ಧ್ವನಿ ಬೇರೆ ಹೊರಡುತ್ತಿಲ್ಲ. ಅವತ್ತಿನಿಂದ ಪ್ರತಿ ಕೋರ್ಸಿಗೂ ಒಂದು ಕೆಂಪು ಫೋಲ್ಡರ್ ಮಾಡಿ ಸ್ಟಾಕ್‌ರೂಮಿನ ಬಾಗಿಲ ಪಕ್ಕ ನೇತುಹಾಕಿದೆವು. ಯಾವ ವಾರ ಯಾವ ಪ್ರಯೋಗ, ಏನು ಎಷ್ಟು ಕಲೆಸಬೇಕು, ತ್ಯಾಜ್ಯ ಯಾವ ಬಾಟಲಿಗೆ, ಮಕ್ಕಳು ಎಲ್ಲಿ ತಪ್ಪು ಮಾಡುತ್ತಾರೆ, ಮತ್ತೆ ರಾಸಾಯನಿಕ ಏನೂ ಬೇಕಿಲ್ಲದ, ಯಾರು ಬೇಕಾದರೂ ನಡೆಸಬಹುದಾದ ಒಂದು ಪ್ರಯೋಗ. ಮೊದಲ ವರ್ಷವೇ ಮಾಡಿಟ್ಟುಕೊಳ್ಳಿ.

ಕೆಲವು ವಿಷಯದಲ್ಲಿ ಮುಲಾಜಿಲ್ಲದೆ ಬೇಡ ಅನ್ನಬೇಕು. ಮೆಥನಾಲ್ ಸುರಿದು ಬಣ್ಣಬಣ್ಣದ ಜ್ವಾಲೆ ತೋರಿಸುವ ಪ್ರಯೋಗ ಅದರಲ್ಲಿ ಮೊದಲನೆಯದು. ಜ್ವಾಲೆ ಸಣ್ಣಗಾಯಿತು ಅಂತ ದೊಡ್ಡ ಬಾಟಲಿಯಿಂದ ಇನ್ನಷ್ಟು ಸುರಿದಾಗ ಬೆಂಕಿ ಬಾಟಲಿಯೊಳಕ್ಕೇ ನುಗ್ಗಿ ಮುಂದಿನ ಸಾಲಿನ ಮಕ್ಕಳ ಮೇಲೆ ಚಿಮ್ಮಿದ ಘಟನೆಗಳು ಈ ದೇಶದಲ್ಲಿ ಒಂದಲ್ಲ ಎರಡಲ್ಲ. ಬೇರೆ ಬೇರೆ ಲೋಹದ ಲವಣಗಳ ನೀರಲ್ಲಿ ನೆನೆಸಿದ ಮರದ ಕಡ್ಡಿಗಳನ್ನು ಬರ್ನರ್‌ಗೆ ಹಿಡಿದರೂ ಅದೇ ಬಣ್ಣಗಳು ಬರುತ್ತವೆ. ಇನ್ನೊಂದು ಮೈಕ್ರೋಬಯಾಲಜಿ ಲ್ಯಾಬ್. 2010-11ರಲ್ಲಿ ಲ್ಯಾಬ್‌ಗಳ ನಂಟಿರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ 38 ರಾಜ್ಯಗಳಲ್ಲಿ 109 ಜನರಿಗೆ ಹರಡಿತು ಅಂತ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವರದಿ ಮಾಡಿತು. ಕಾಯಿಲೆ ಬಿದ್ದವರಲ್ಲಿ ಮೈಕ್ರೋಬಯಾಲಜಿ ವಿದ್ಯಾರ್ಥಿಗಳಿದ್ದರು, ಲ್ಯಾಬ್‌ನಲ್ಲಿ ಇದ್ದವರ ಮನೆಯ ಮಕ್ಕಳೂ ಇದ್ದರು. ಲ್ಯಾಬ್‌ನ ಪೆನ್ನು, ನೋಟ್‌ಬುಕ್ಕು, ಕೋಟು ಲ್ಯಾಬ್‌ನಲ್ಲೇ ಉಳಿಯಲಿ, ಬ್ಯಾಗು ಮೇಜಿನ ಮೇಲೆ ಬರಬಾರದು, ಫೋನನ್ನು ಬ್ಯಾಗಿನಿಂದ ತೆಗೆಯಬಾರದು. ಹಬೆಯಲ್ಲಿ ರೋಗಾಣು ಕೊಲ್ಲುವ ಆಟೊಕ್ಲೇವ್ 121 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಂತ ಮೀಟರ್ ತೋರಿಸಿದರೆ ಸಾಲದು, ಗಟ್ಟಿ ಬ್ಯಾಕ್ಟೀರಿಯಾ ಬೀಜಕಗಳನ್ನು ಒಳಗಿಟ್ಟು ನೋಡುವ ಸ್ಪೋರ್ ಟೆಸ್ಟ್ ಮಾಡಿ ನಿಜವಾಗಿ ಸಾಯಿಸುತ್ತಿದೆಯಾ ಅಂತ ಆಗಾಗ ನೋಡಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೆಚ್ಚಿನ ಕಾಲೇಜುಗಳ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಆದರೆ ಖರೀದಿ ಬಾಗಿಲು ಅದಕ್ಕೆ ಎಷ್ಟೋ ವಾರ ಮುಂಚೆಯೇ ಮುಚ್ಚುತ್ತದೆ. ಆಗ ಡೀನ್ ಆಫೀಸಿನಿಂದ ಇದ್ದಕ್ಕಿದ್ದ ಹಾಗೆ, ಸ್ವಲ್ಪ ದುಡ್ಡು ಉಳಿದಿದೆ, ನಾಳೆಯೊಳಗೆ ಏನು ಬೇಕು ಹೇಳಿ ಅಂತ ಫೋನ್ ಬರುತ್ತದೆ. ಮೈಕ್ರೋಸ್ಕೋಪ್, ತಕ್ಕಡಿ, ಸೆಂಟ್ರಿಫ್ಯೂಜ್‌ಗಳ ಕೊಟೇಶನ್ ಫೆಬ್ರವರಿಯಲ್ಲೇ ತರಿಸಿ ಡ್ರಾಯರ್‌ನಲ್ಲಿ ಇಟ್ಟುಕೊಂಡವರಿಗೆ ಆ ದುಡ್ಡು. ದೊಡ್ಡ ಹಣ ಬೇಕಾದರೆ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ಎಟಿಇ (ಅಡ್ವಾನ್ಸ್ಡ್ ಟೆಕ್ನಲಾಜಿಕಲ್ ಎಜುಕೇಶನ್) ಕಾರ್ಯಕ್ರಮ ನೋಡಿ. 1992ರ ಕಾಯ್ದೆಯಿಂದ ಹುಟ್ಟಿದ್ದು, ಎರಡು ವರ್ಷದ ಕಾಲೇಜುಗಳೇ ಮುಂದೆ ನಿಲ್ಲಬೇಕು ಅಂತಲೇ ಮಾಡಿದ್ದು. ಬಯೋಟೆಕ್‌ನಂಥ ಟೆಕ್ನಿಷಿಯನ್ ಕೋರ್ಸು ಇದ್ದರೆ ಅರ್ಜಿ ಹಾಕಬಹುದು.

ಕೋರ್ಸು ಬದಲಾಯಿಸುವ ಹುಮ್ಮಸ್ಸು ಬಂದರೆ ಒಂದು ನಿಮಿಷ ತಡೆಯಿರಿ. ನಾಲ್ಕು ಕ್ರೆಡಿಟ್‌ನ ಕೋರ್ಸನ್ನು ಮೂರಕ್ಕೆ ಇಳಿಸಿದರೆ, ಅಥವಾ ಲ್ಯಾಬನ್ನು ಬೇರೆ ಕೋರ್ಸಾಗಿ ಒಡೆದರೆ, ನಿಮ್ಮ ಕೋರ್ಸನ್ನು ಪಕ್ಕದ ಯೂನಿವರ್ಸಿಟಿ ತನ್ನಲ್ಲಿ ಓದಿದಂತೆಯೇ ಒಪ್ಪಿಕೊಳ್ಳುವ ಟ್ರಾನ್ಸ್‌ಫರ್ ಒಪ್ಪಂದ ಮುರಿದು ಬೀಳಬಹುದು. ಅದು ಗೊತ್ತಾಗುವುದು ಎರಡು ವರ್ಷದ ಮೇಲೆ, ಒಬ್ಬ ಹುಡುಗ ಅಲ್ಲಿಗೆ ಹೋಗಿ ಅದೇ ಕೆಮಿಸ್ಟ್ರಿಯನ್ನು ಮತ್ತೆ ಓದಬೇಕಾಗಿ ಬಂದಾಗ. ಮೊದಲು ಆ ಯೂನಿವರ್ಸಿಟಿಯ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಇನ್ನು ಮಕ್ಕಳು ಎಷ್ಟು ಕಲಿತರು ಅನ್ನುವ ಅಸೆಸ್‌ಮೆಂಟ್ ವರದಿ, ಡಿಪಾರ್ಟ್‌ಮೆಂಟ್ ಹೇಗೆ ನಡೆಯುತ್ತಿದೆ ಅನ್ನುವ ಪ್ರೋಗ್ರಾಂ ರಿವ್ಯೂ. ಹಳೆಯದನ್ನು ತೆರೆದು, ಈ ವರ್ಷದ ಅಂಕಿ ಹಾಕಿ, ಒಂದು ಮಧ್ಯಾಹ್ನದಲ್ಲಿ ಮುಗಿಸಿ. ಅದರಲ್ಲಿ ಒಂದೇ ಕಡೆ ಮನಸ್ಸಿಟ್ಟು ಬರೆಯಿರಿ, ಇನ್ನೊಬ್ಬ ಲ್ಯಾಬ್ ಟೆಕ್ನಿಷಿಯನ್ ಬೇಕು ಅನ್ನುವ ಜಾಗದಲ್ಲಿ. ವಾರಕ್ಕೆ ಎಷ್ಟು ಲ್ಯಾಬ್, ಎಷ್ಟು ದ್ರಾವಣ, ಎಷ್ಟು ಗಂಟೆ ತೊಳೆಯುವುದು, ಎಲ್ಲ ಅಂಕಿಯಲ್ಲಿ ಇಳಿಸಿ. ನಾನು ಮೂರು ವರ್ಷ ಅದೇ ಪ್ಯಾರಾ ಕಳಿಸಿದೆ. ನಾಲ್ಕನೇ ವರ್ಷ ಸಿಕ್ಕಿದ್ದು ಅರ್ಧ ಹುದ್ದೆ, ಬೆಳಿಗ್ಗೆ ಮಾತ್ರ ಬರುತ್ತಾರೆ. ಸಂಜೆ ಲ್ಯಾಬ್‌ಗಳ ಪ್ಯಾರಾ ಈ ವರ್ಷವೂ ಹೋಗುತ್ತದೆ.