ಗೇರ್ ಕಾರು ಕಲಿಯುವವರಿಗೆ ಮೊದಲ ಪಾಠ ಎಡಗಾಲಿನದು

ಗೇರ್ ಕಾರು ಕಲಿಯಲು ಹೊರಟವರಿಗೆ ಸ್ಟೇರಿಂಗ್ ಬಗ್ಗೆಯೇ ಭಯ ಹೆಚ್ಚು. ಆದರೆ ಮೊದಲ ವಾರ ನಿಜವಾಗಿ ಪಳಗಬೇಕಾದದ್ದು ಎಡಗಾಲು. ಇಂಜಿನ್ ಜೊತೆ ತಿರುಗುತ್ತಲೇ ಇರುವ ಫ್ಲೈವೀಲಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಕ್ಲಚ್ ಪ್ಲೇಟು ಎಡಗಾಲಿನ ಪೆಡಲ್ ಒತ್ತಿದಾಗ ಬಿಡಿಸಿಕೊಳ್ಳುತ್ತದೆ, ಬಿಟ್ಟಾಗ ಕಚ್ಚಿಕೊಳ್ಳುತ್ತದೆ. ಇವೆರಡರ ನಡುವೆ ಪ್ಲೇಟು ಜಾರುತ್ತ ಹಿಡಿಯತೊಡಗುವ ಜಾಗವೇ ನಮ್ಮ ಡ್ರೈವರುಗಳು ಹೇಳುವ ಹಾಫ್ ಕ್ಲಚ್.

ಸಮತಟ್ಟಾದ ಖಾಲಿ ಜಾಗದಲ್ಲಿ ಕಾರನ್ನು ಒಂದನೇ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ಕ್ಲಚ್ಚನ್ನು ಕೂದಲೆಳೆಯಷ್ಟೇ ಮೇಲಕ್ಕೆ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಇಂಜಿನ್ ಸದ್ದು ತುಸು ತಗ್ಗುತ್ತದೆ, ಸೀಟಿನಡಿ ಸಣ್ಣ ನಡುಕ ಬರುತ್ತದೆ, ಕಾರು ಇರುವೆಯಂತೆ ತೆವಳತೊಡಗುತ್ತದೆ. ಅಲ್ಲಿಯೇ ಕಾಲನ್ನು ಎರಡು ಕ್ಷಣ ನಿಲ್ಲಿಸಿ, ಮತ್ತೆ ಒತ್ತಿ, ಬ್ರೇಕ್ ಹಿಡಿದು ನಿಲ್ಲಿಸಿ. ಇದನ್ನೇ ಐವತ್ತು ಸಲ ಮಾಡಿದವರಿಗೆ ಟ್ರಾಫಿಕ್‌ನಲ್ಲಿ ಇಂಜಿನ್ ಆಫ್ ಆಗುವ ಕಾಟ ಬಹುಪಾಲು ತಪ್ಪುತ್ತದೆ. ಆದರೆ ಕಾರು ಓಡತೊಡಗಿದ ಮೇಲೂ ಪಾದವನ್ನು ಕ್ಲಚ್ ಮೇಲೆ ಇಟ್ಟುಕೊಂಡರೆ ಪ್ಲೇಟು ಸವೆದು ಸುಟ್ಟ ವಾಸನೆ ಬರುತ್ತದೆ.

ಏರಿನಲ್ಲಿ ನಿಂತ ಕಾರನ್ನು ಎಬ್ಬಿಸುವುದು ಎರಡನೇ ಪರೀಕ್ಷೆ. ಹ್ಯಾಂಡ್‌ಬ್ರೇಕ್ ಎಳೆದು, ಹಾಫ್ ಕ್ಲಚ್‌ಗೆ ಬಂದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಬಾನೆಟ್ ತುಸು ಮೇಲೆದ್ದಂತೆ ಕಂಡಾಗ ಮಾತ್ರ ಹ್ಯಾಂಡ್‌ಬ್ರೇಕ್ ಇಳಿಸಿ. ಆಗುಂಬೆಯಂತಹ ಘಾಟಿಗೆ ಹೋಗುವ ದಿನ ಬಂದಾಗ, ಹತ್ತುವ ಗೇರಿನಲ್ಲೇ ಇಳಿಯಬೇಕು, ಎಂದೂ ನ್ಯೂಟ್ರಲ್‌ನಲ್ಲಿ ಬಿಡಬಾರದು ಎಂಬುದು ನೆನಪಿರಲಿ.

ರಸ್ತೆಗೆ ಇಳಿಯಲು 18 ವರ್ಷ ತುಂಬಿರಬೇಕು, ಎಲ್‌ಎಲ್ (ಲರ್ನರ್ಸ್ ಲೈಸೆನ್ಸ್) ಕೈಯಲ್ಲಿರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಹ್ಯಾಂಡ್‌ಬ್ರೇಕ್ ಎರಡು ಸೀಟುಗಳ ನಡುವೆ ಇರುವ ಕಾರಾದರೆ ಅವರ ಕೈ ಅದರ ಹತ್ತಿರವೇ ಇರುವುದು ಒಳ್ಳೆಯದು, ಏಕೆಂದರೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿರುವ ಎರಡನೇ ಬ್ರೇಕ್ ಪೆಡಲ್ ಮನೆಯ ಕಾರಿನಲ್ಲಿ ಇರುವುದಿಲ್ಲ.

ಕಾರಿಗೆ ಏನಾದರೂ ಹಾಕಿಸಬೇಕೆಂದರೆ ಚಿಕ್ಕವು ಸಾಕು. ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಬೋರ್ಡು ಕಡ್ಡಾಯ. ಸೈಡ್ ಮಿರರ್ ಮೂಲೆಗೆ ಅಂಟಿಸುವ ಪುಟ್ಟ ಉಬ್ಬುಗನ್ನಡಿ, ಪಕ್ಕದಲ್ಲಿ ನುಗ್ಗುವ ಬೈಕನ್ನು ತೋರಿಸುತ್ತದೆ. ಎತ್ತರ ಕಡಿಮೆ ಇರುವವರಿಗೆ ಜಾರದ ಗಟ್ಟಿ ಕುಶನ್ ಬೇಕು. ಕೂತ ಮೇಲೆ ಕ್ಲಚ್ ತಳ ಮುಟ್ಟುವವರೆಗೂ ಒತ್ತಿದರೆ ಮೊಣಕಾಲು ತುಸು ಬಾಗಿಯೇ ಇರಬೇಕು. 2019ರ ಜುಲೈಗಿಂತ ಮೊದಲಿನ ಕಾರಾದರೆ ರಿವರ್ಸ್ ಸೆನ್ಸರ್ ಇಲ್ಲದಿರಬಹುದು. ಹಾಕಿಸಿದರೆ ಹಣ ವ್ಯರ್ಥವಾಗದು. ಬಂಪರಿನ ಮುಂದೆ ಹಾಕಿಸುವ ಲೋಹದ ಕ್ರ್ಯಾಶ್ ಗಾರ್ಡ್ ಮಾತ್ರ ಬೇಡವೇ ಬೇಡ: ಅದು ಕಾನೂನಿಗೆ ವಿರುದ್ಧ, ಡಿಕ್ಕಿಯ ವೇಳೆ ಏರ್‌ಬ್ಯಾಗ್ ಸರಿಯಾದ ಸಮಯಕ್ಕೆ ತೆರೆಯದಂತೆಯೂ ಮಾಡಬಹುದು.

ಪೆಡಲ್‌ಗಳಿಗೆ ಏನೂ ಅಡ್ಡ ಬರಬಾರದು, ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು ಹಾಸಬೇಡಿ. ಮಗಳಿಗೆ ಕಲಿಸುತ್ತಿದ್ದಾಗ ಸೀಟಿನಡಿಯಿಂದ ಉರುಳಿಬಂದ ನೀರಿನ ಬಾಟಲಿ ಬ್ರೇಕ್ ಪೆಡಲ್ ಹಿಂದೆ ಸಿಕ್ಕಿಕೊಂಡಿತು. ಕಾರು ತೆವಳುವ ವೇಗದಲ್ಲಿದ್ದುದರಿಂದ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಅಂದಿನಿಂದ ಕೀ ತಿರುಗಿಸುವ ಮೊದಲು ಇಬ್ಬರೂ ಬಗ್ಗಿ ಪೆಡಲ್‌ಗಳ ಹಿಂದೆ ಕೈಯಾಡಿಸಿ ನೋಡುತ್ತೇವೆ.