ವೈಫೈ ಬಿಡುವ ಥರ್ಮೋಸ್ಟಾಟ್: ತಪ್ಪು ರೌಟರಿನದಲ್ಲ

ನಾವಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಜನವರಿಯಲ್ಲಿ ಹೊರಗೆ ಮೈನಸ್ 20 ಡಿಗ್ರಿ. ಒಳಗೆ ಮನೆಯ ಬಿಸಿ ನಿಯಂತ್ರಿಸುವ, ಗೋಡೆ ಮೇಲಿನ ಸ್ಮಾರ್ಟ್ ಥರ್ಮೋಸ್ಟಾಟ್ ಎರಡು ದಿನಕ್ಕೊಮ್ಮೆ ವೈಫೈ ಸಂಪರ್ಕ ಬಿಡುತ್ತಿತ್ತು.

ಮೊದಲು ರೌಟರನ್ನೇ ಬೈದೆ. ರೀಸ್ಟಾರ್ಟ್ ಮಾಡಿದೆ, ಪಾಸ್‌ವರ್ಡ್ ಮತ್ತೆ ಹಾಕಿದೆ, ವೈಫೈಯನ್ನು 2.4 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಬದಲಿಸಿದೆ. ಒಂದು ದಿನ ಸರಿ, ಮತ್ತೆ ಹಾಡಿದ್ದೇ ಹಾಡು.

ಆಮೇಲೆ ಥರ್ಮೋಸ್ಟಾಟಿನ ಸೆಟ್ಟಿಂಗ್ಸ್‌ನಲ್ಲಿ ಅದರ ಬ್ಯಾಟರಿ ವೋಲ್ಟೇಜ್ ಕಣ್ಣಿಗೆ ಬಿತ್ತು: 3.5. ಹಿಂದಿನ ವಾರ 3.8 ಇತ್ತು. ಅಂದರೆ ಚಾರ್ಜ್ ಆಗುತ್ತಿಲ್ಲ. ಚಾರ್ಜ್ ಇಳಿದರೆ ಇದು ಮೊದಲು ವೈಫೈಯನ್ನೇ ಆರಿಸುತ್ತದೆ. ಜಾಣ ಯಂತ್ರ, ಆದರೆ ಬಾಯಿಬಿಟ್ಟು ಹೇಳಬಾರದಾ?

ಬ್ರೇಕರ್ ಆಫ್ ಮಾಡಿ ಥರ್ಮೋಸ್ಟಾಟ್ ಕಳಚಿದೆ. ಆರ್, ಡಬ್ಲ್ಯೂ, ವೈ, ಜಿ ಅಂತ ಗುರುತಿದ್ದ ಜಾಗಗಳಿಗೆ ನಾಲ್ಕೇ ವೈರು. ಸದಾ 24 ವೋಲ್ಟ್ ಸಿಗಲು ಬೇಕಾದ ಸಿ ವೈರೇ ಇಲ್ಲ! ಗೋಡೆಯೊಳಗೆ ಒಂದು ನೀಲಿ ವೈರು ಸುಮ್ನೆ ಸುರುಳಿ ಸುತ್ತಿಕೊಂಡು ಕೂತಿತ್ತು. ನೆಲಮಾಳಿಗೆಯಲ್ಲಿ ಮನೆ ಬಿಸಿಮಾಡುವ ಯಂತ್ರದ, ಅಂದರೆ ಫರ್ನೇಸಿನ, ಮುಚ್ಚಳ ತೆಗೆದರೆ ಅದರ ಇನ್ನೊಂದು ತುದಿಯೂ ಹಾಗೇ. ತುದಿ ಸುಲಿದು ಎರಡೂ ಕಡೆ ಸಿ ಜಾಗಕ್ಕೆ ಸೇರಿಸಿದೆ. ಒಂದು ಪೈಸೆ ಖರ್ಚಿಲ್ಲ. ಬ್ರೇಕರ್ ಹಾಕಿದರೂ ಫರ್ನೇಸ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮುಚ್ಚಳದ ಹಿಂದೊಂದು ಸ್ವಿಚ್ ಇದೆ, ಸರಿಯಾಗಿ ಮುಚ್ಚದಿದ್ದರೆ ಚಾಲೂ ಆಗಲ್ಲ. ಅದು ತಿಳಿಯುವಷ್ಟರಲ್ಲಿ ಹತ್ತು ನಿಮಿಷ ನಡುಗಿದ್ದೆ.

ಈಗ ವೋಲ್ಟೇಜ್ 3.9ರ ಸುತ್ತಮುತ್ತ. ಮೂರು ವಾರವಾಯಿತು, ಒಮ್ಮೆಯೂ ವೈಫೈ ಬಿಟ್ಟಿಲ್ಲ.